ಗೌರಕ್ಕ ಹೇಳಿದ ಹೆಸರು

೧೯೩೭ರ ಚುನಾವಣೆಯ ದಿನ ಹೆಬ್ಬಳ್ಳಿಯ ಶಾಲೆಯಲ್ಲಿ ಹೆಂಗಸರ ಮೇಜಿಗೆ ಏಕನಾಥ ಮಾಸ್ತರನನ್ನು ಕೂಡಿಸಿದ್ದರು. ಊರಿನ ಹೆಂಗಸರು ಮತ ಹಾಕುವುದು ಅದೇ ಮೊದಲು. ಮಧ್ಯಾಹ್ನದವರೆಗೆ ಮೂವತ್ತು ಮಂದಿ ಬಂದರು. ಒಬ್ಬರಿಗೂ ಮತದ ಚೀಟಿ ಸಿಗಲಿಲ್ಲ. ಮತದಾರರ ಯಾದಿಯಲ್ಲಿ ಅವರ ಗುರುತೆಲ್ಲ ಗಂಡನ ಹೆಸರಿನ ಮೇಲಿತ್ತು. ಅದನ್ನು ಅವರೇ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದೆಂದು ನಂಬಿದವರು ಬಾಯಿಗೆ ಸೆರಗು ಒತ್ತಿ ತಿರುಗಿ ಹೋದರು.

"ಹೆಣ್ಣಮಕ್ಕಳಿಗೆ ಇದರಾಗ ಆಸಕ್ತಿ ಇಲ್ಲ ಅಂತ ಬರದುಬಿಡ್ರಿ ಮಾಸ್ತರ" ಎಂದರು ಅಧಿಕಾರಿ ರಮಾಕಾಂತರಾಯರು. "ಊಟಕ್ಕ ಏಳೂಣು."

ಏಕನಾಥನಿಗೂ ಹಸಿವಾಗಿತ್ತು. ಅಷ್ಟರಲ್ಲಿ ಗೌರಕ್ಕ ಮೂರನೆಯ ಸಲ ಬಂದು ನಿಂತಳು.

"ಮತ್ತ ಬಂದ್ರೇನ್ರಿ ಗೌರಕ್ಕ? ಯಜಮಾನರ ಹೆಸರು ಹೇಳ್ರಿ."

"ನಿಮಗ ಗೊತ್ತೈತ್ರಿ. ಅವರ ಮಗಗ ಸಾಲಿ ಕಲಿಸಿದವರು ನೀವ."

"ನನಗ ಗೊತ್ತಿದ್ರ ನಡಿಯೂದಿಲ್ರಿ."

"ಬಾಜೂ ಮನಿಯಾಕಿ ಹೇಳಿದ್ರ?"

"ಆಕಿ ಆಕೀ ಗಂಡನ ಹೆಸರ ಹೇಳಲಿ" ಎಂದು ರಾಯರು ನಕ್ಕರು. "ಮನಿಗೆ ಹೋಗಿ ರೊಟ್ಟಿ ಬಡೀರಿ."

"ಬಡದಿಟ್ಟ ಬಂದೇನ್ರಿ ಸಾಹೇಬ್ರ."

ಅವಳು ಕದಲಲಿಲ್ಲ. ಗಲ್ಲದ ಬೆವರು ಯಾದಿಯ ಮೇಲೆ ಬಿತ್ತು. ಮೇಜನ್ನು, ಬಾಗಿಲಲ್ಲಿದ್ದ ಪೊಲೀಸನನ್ನು ನೋಡಿ, ಸೆರಗು ಸರಿಮಾಡಿಕೊಂಡು, ಗಂಟಲೆತ್ತಿದಳು:

"ಸರಕಾರದ ಮೇಜಿನ ಮ್ಯಾಲ ಶಾಯಿ ದೌತಿ,
ಮಹಾಂತಯ್ಯನವರು ನನ್ನ ಪತಿ."

ಒಡಪು. ಮದುವೆ ಮನೆಯಲ್ಲಿ ಗೆಳತಿಯರು ಕಾಡಿದಾಗ ಹೆಂಗಸರು ಗಂಡನ ಹೆಸರನ್ನು ಪದ್ಯದಲ್ಲಿ ಪೋಣಿಸಿ ಹೇಳುತ್ತಾರೆ, ಅದಕ್ಕೆ ದೋಷವಿಲ್ಲ. ಆದರೆ ಅದು ಆರತಿಯ ಮುಂದಿನ ಮಾತು. ಗಂಡಸರ ನಡುವೆ, ಸರಕಾರದ ಎದುರಿಗೆ ಅದನ್ನು ಯಾರೂ ಹೇಳಿದ್ದಿಲ್ಲ. ಏಕನಾಥನ ತೋಳಿನ ಮೇಲೆ ಕೂದಲು ನಿಂತವು. ಹತ್ತು ವರ್ಷ ಪಾಠ ಹೇಳಿದ್ದ. ಎದುರಿಗಿದ್ದವರು ಒಂದು ಕಾಯ್ದೆಯನ್ನು ಹೀಗೆ ದಾಟುವುದನ್ನು ನೋಡಿರಲಿಲ್ಲ.

"ಇದು ನಡೀತದೇನ್ರೀ?" ಎಂದರು ರಾಯರು ಮೆಲ್ಲಗೆ.

"ಹೆಸರು ಹೇಳ್ಯಾರ್ರಿ. ಹಾಡಿ ಹೇಳಬಾರದು ಅಂತ ಎಲ್ಲೂ ಬರದಿಲ್ಲ" ಎಂದ ಏಕನಾಥ.

ಚೀಟಿ ಕೊಡುವಾಗ ಅವನು ಎದ್ದು ನಿಂತಿದ್ದ. ಯಾವಾಗ ಎದ್ದನೋ ಅವನಿಗೇ ತಿಳಿಯದು. ಗೌರಕ್ಕ ಚೀಟಿಯನ್ನು ಪೆಟ್ಟಿಗೆಗೆ ಹಾಕಿ ಹೊರಗೆ ಬಂದವಳೇ ಕಟ್ಟೆಯ ಮೇಲೆ ಕೂತಳು. ಬೆಳಿಗ್ಗೆ ಚೀಟಿ ಸಿಗದೆ ಅಲ್ಲೇ ಉಳಿದಿದ್ದ ಕಾಳವ್ವ ಅವಳ ಕಿವಿಯ ಹತ್ತಿರ ಬಾಗಿ ಏನೋ ಕೇಳಿ, ಊರೊಳಗೆ ಓಡಿದಳು.

ರಾಯರು ಊಟಕ್ಕೆ ಏಳಲಿಲ್ಲ. ಅರ್ಧ ತಾಸಿನಲ್ಲಿ ಓಣಿಯ ತಿರುವಿನಿಂದ ಹೆಂಗಸರು ಬರತೊಡಗಿದರು, ಬೆಳಿಗ್ಗೆ ತಿರುಗಿ ಹೋದವರೇ. ಸೆರಗಿನ ಮರೆಯಲ್ಲಿ ಒಬ್ಬೊಬ್ಬಳ ತುಟಿಯೂ ತನ್ನ ಪದ್ಯ ಕಟ್ಟುತ್ತಿತ್ತು.