ಹಾಲೂ ಒಲ್ಲದವಳು

ಸದಾಶಿವ ಕಾಕಾ ನಮ್ಮ ಮನೆಗೆ ಬಂದರೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಅಷ್ಟೇ. ಬೇಯಿಸಿದ್ದನ್ನು ಮುಟ್ಟಿದ್ದು ನಾನು ಕಂಡಿಲ್ಲ. ಕುಪ್ಪೇಲೂರಿನಿಂದ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ತಂದಾಗಲೆಲ್ಲ ಅಬ್ಬಾನ ಜೊತೆ ತಾಸುಗಟ್ಟಲೆ ಹರಟುತ್ತಾರೆ. ನಾನು ಬಿ.ಎಸ್ಸಿ. ಪಾಸಾದಾಗ ಪೇಢೆ ತಂದವರೂ ಅವರೇ. ಊಟ ಎಂದರೆ ಮಾತ್ರ, "ಇವತ್ತು ಉಪವಾಸರಿ." ಏನು ಉಪವಾಸವೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಯಾರೂ ಆಡುವುದಿಲ್ಲ. ಅಬ್ಬಾನ ತಾಯಿ, ನನ್ನ ದಾದಿಗೆ ಮಾತ್ರ ಅದು ಪ್ರತಿ ಸಲವೂ ಚುಚ್ಚುತ್ತದೆ.

ಮೊನ್ನೆ ಸಂಜೆ ಅವರ ಕಾರು ನಮ್ಮ ಪೇಟೆಯಲ್ಲೇ ಕೆಟ್ಟು ನಿಂತಿತು. ರಿಪೇರಿ ತಡವಾಗುತ್ತದೆಂದು ಮಗಳು ಸುಲಭಾಳನ್ನು ಕರೆದುಕೊಂಡು ನೇರ ನಮ್ಮಲ್ಲಿಗೆ ಬಂದರು. ಅಬ್ಬಾ, ಅಮ್ಮಿ ಹಾವೇರಿಗೆ ಮದುವೆಗೆ ಹೋಗಿದ್ದರು. ಮನೆಯಲ್ಲಿ ದಾದಿ ಮತ್ತು ನಾನು. ಹೊರಗಿನವರೆದುರು ನನಗೆ ಮಾತೇ ಹೊರಡುವುದಿಲ್ಲ. ತಲೆಯಾಡಿಸಿ ಒಳಗೆ ಹೋಗಿ ಹಾಲು ಬಿಸಿಗಿಟ್ಟೆ.

ಎರಡು ಲೋಟ ಒಯ್ದರೆ ಸುಲಭಾ ಕೈಮುಗಿದಳು. "ನಂಗ ಬ್ಯಾಡರಿ. ನಾ ಹಾಲು ಕುಡಿಯಂಗಿಲ್ಲ."

ದಾದಿ ನನ್ನ ಹಿಂದೆಯೇ ಅಡುಗೆಮನೆಗೆ ಬಂದಳು. ಅಪ್ಪನಾದರೂ ಹಾಲು ಕುಡಿಯುತ್ತಿದ್ದ, ಮಗಳಿಗೆ ಅದೂ ಬೇಡವಾಯಿತಲ್ಲ ಎಂದು ನಮ್ಮ ಉರ್ದುವಿನಲ್ಲಿ ಪಿಸುಗುಟ್ಟಿದಳು. ಕಣ್ಣು ತುಂಬಿದ್ದವು.

ಅಷ್ಟರಲ್ಲಿ ಪಡಸಾಲೆಯಿಂದ ಸುಲಭಾಳ ದನಿ: "ಅಜ್ಜೀ, ರೊಟ್ಟಿ ಏನರ ಐತೇನ್ರಿ? ಭಾಳ ಹಸಿವಾಗೈತಿ."

ದಾದಿ ನನ್ನ ಮುಖ ನೋಡಿದಳು. ಹಾಲು ಬೇಡ, ರೊಟ್ಟಿ ಬೇಕು! ನಮ್ಮ ಮನೆ ಕಂಡ ಲೆಕ್ಕವೇ ತಲೆಕೆಳಗಾಗಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಗೆ ಧಾವಿಸಿದಳು.

"ಯಾವ ವ್ರತ ಯವ್ವಾ ಇದು?"

"ವ್ರತ ಅಲ್ರಿ, ವೀಗನ್ ಅಂತಾರ. ಪ್ರಾಣಿಯಿಂದ ಬಂದದ್ದು ಏನೂ ತಿನ್ನಂಗಿಲ್ಲ. ಹಾಲು, ಮೊಸರು, ತುಪ್ಪ ಎಲ್ಲಾ ಬಿಟ್ಟೇನಿ."

"ಜೇನುತುಪ್ಪ?"

"ಅದೂನೂ."

"ಅಯ್ಯ, ನೊಣದ ಮ್ಯಾಲೂ ಕರುಣಾ!"

ಒಳಗೆ ತರಕಾರಿ ಇರಲಿಲ್ಲ. ಯಾವುದು ಎಲ್ಲಿಂದ ಬಂತು ಎಂದು ಒಂದೊಂದೇ ಡಬ್ಬಿ ತೆರೆದು ನೋಡಿದೆ. ಹುಟ್ಟಿದಾಗಿನಿಂದ ಇದೇ ಮನೆಯಲ್ಲಿದ್ದರೂ ಹಾಗೆ ನೋಡಿರಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಕಡಲೆಹಿಟ್ಟು, ಉಳ್ಳಾಗಡ್ಡಿ. ಜುಣಕ ಮಾಡಿದರಾಯಿತು. ಬಾಣಲೆ ಒಲೆಗಿಡಲು ಹೋದವಳು ಹಾಗೇ ನಿಂತೆ. ಅದನ್ನು ಹಿಡಿದುಕೊಂಡೇ ಬಾಗಿಲಿಗೆ ಬಂದೆ.

"ಇದರಾಗ ನಾವು ಮಟನ್ ಮಾಡ್ತೀವ್ರಿ. ತೊಳದೈತಿ. ನಡೀತೈತೇನು?"

ಕಾಕಾ ಲೋಟದೊಳಗೆ ನೋಡತೊಡಗಿದರು.

"ತೊಳದೈತಲ್ಲ, ಮತ್ತೇನು?" ಎಂದಳು ಸುಲಭಾ. ಅವಳಿಗೆ ನಾನು ಯಾಕೆ ಕೇಳಿದೆನೆಂಬುದೇ ಅರ್ಥವಾದಂತಿರಲಿಲ್ಲ.

ಎಣ್ಣೆಗೆ ಸಾಸಿವೆ, ಉಳ್ಳಾಗಡ್ಡಿ, ಖಾರದಪುಡಿ. ನೀರು ಕುದಿಯುತ್ತಲೇ ಹಿಟ್ಟು ಉದುರಿಸುತ್ತ, ಗಂಟಾಗದಂತೆ ತಿರುವಿದೆ. ಕೊನೆಗೆ ಕೈ ತಾನಾಗಿ ತುಪ್ಪದ ಡಬ್ಬಿಗೆ ಹೋಯಿತು, ಹಿಂದಕ್ಕೆಳೆದುಕೊಂಡೆ.

ದಾದಿ ಒಂದೇ ತಾಟು ಇಟ್ಟಳು, ಸುಲಭಾಳ ಮುಂದೆ. ಅವಳು ರೊಟ್ಟಿ ಕಟಕಟ ಮುರಿದು ಬಿಸಿ ಜುಣಕ ಮೆತ್ತಿಕೊಂಡು ಬಾಯಿಗಿಟ್ಟಳು.

"ಭಾರಿ ಆಗೈತಿ! ಅಪ್ಪಾ, ನೀ ಯಾಕ ಹಾಲು ಹಿಡ್ಕೊಂಡು ಕುಂತಿ?"

"ನಂದು ಉಪವಾಸ."

"ಎಂಥಾ ಉಪವಾಸ? ಮಧ್ಯಾಹ್ನ ರಾಣೆಬೆನ್ನೂರಾಗ ಎರಡು ಪ್ಲೇಟ್ ಮಿರ್ಚಿ ಭಜಿ ತಿಂದೀ!"

ಕಾಕಾನ ಕಿವಿಗಳು ಕೆಂಪಗಾದವು. ದಾದಿ ಈಗ ಏನೇನು ಅನ್ನಬಹುದಿತ್ತು ಎಂದು ನಾನು ಎಣಿಸುತ್ತಿದ್ದೆ. ಅವಳು ಎದ್ದು ಇನ್ನೊಂದು ತಾಟು ತಂದು ಅವರ ಮುಂದಿಟ್ಟಳು.

"ಹೆಂಗೂ ರಾಣೆಬೆನ್ನೂರಾಗ ಮುರದೀ ಸದಾಶಿವ. ನಮ್ಮ ಮನ್ಯಾಗೂ ಒಂಚೂರು ಮುರಿ."

ಕಾಕಾ ಲೋಟ ಕೆಳಗಿಟ್ಟರು. ತಾಟು ಹತ್ತಿರಕ್ಕೆ ಎಳೆದುಕೊಂಡರು.

"ಖಾರ ಕಡಿಮಿ ಇರೋ ಕಡೆಯಿಂದ ಹಾಕು, ಶಬನಮ್," ಎಂದರು ನನ್ನ ಕಡೆ ತಿರುಗಿ.

"ಬ್ಯಾಡಗಿ ಕಾಯಿ ಮಾರಾವ, ಅದಕ್ಕ ಬಣ್ಣ ಭಾಳ, ಖಾರ ಕಡಿಮಿ ಅಂತ ಗೊತ್ತಿಲ್ಲೇನು?" ಎಂದು ದಾದಿ ನಕ್ಕಳು.

ಸುಳ್ಳು ಸಿಕ್ಕಿಬಿದ್ದಿದ್ದಕ್ಕೋ, ಮಗಳೆದುರಿನ ನಾಚಿಕೆಗೋ, ಬರೀ ಹಸಿವೆಗೋ ಇವತ್ತು ಉಂಡದ್ದು? ಕಾಕಾನನ್ನೇ ಕೇಳಬೇಕೆನಿಸಿತು. ಅವರು ಎರಡನೆಯ ರೊಟ್ಟಿಗೆ ಕೈ ಚಾಚಿದ್ದರು. ಕೇಳಲಿಲ್ಲ, ಜುಣಕ ಬಡಿಸಿದೆ.