ತೆಂಗಿನ ಕಡಿಯ ದೀಪ

ಮಂಗಳೂರಿನಲ್ಲಿ ‘ಟ್ರಾಪಿಕಲ್ ಪಾರ್ಟಿ’ ಮಾಡುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಸ್ನಾನ ಮಾಡಿ ಟವೆಲು ಒಣಗುವ ಮೊದಲೇ ಮೈ ಮತ್ತೆ ಒದ್ದೆಯಾಗುವ ಊರು, ಅದರಲ್ಲೂ ಮೇ ತಿಂಗಳು. ತೆಂಗು, ಬಾಳೆ, ಪಪ್ಪಾಯಿ ಯಾರ ಹಿತ್ತಲಲ್ಲಿ ಇಲ್ಲ? ಅದನ್ನೇ ಮನೆಯೊಳಗೆ ತಂದು ಕಟ್ಟಿ, ಒಂದು ಇಂಗ್ಲಿಷ್ ಹೆಸರಿಟ್ಟರೆ ಪಾರ್ಟಿಯಂತೆ! ಕುಲಶೇಖರದ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿದ್ದ ಮನ್ವಿತಾಗೆ ಇದು ತಿಳಿಯದ್ದೇನಲ್ಲ. ಅವಳಿಗೆ ಬೇಕಾಗಿದ್ದುದು ಪಾರ್ಟಿಯಲ್ಲ. ಅಣ್ಣ ತನ್ನ ಮನೆಯಲ್ಲಿ ಕೂತು ಒಂದು ತುತ್ತು ಉಣ್ಣಬೇಕು, ಅಷ್ಟೇ ಬೇಕಾಗಿತ್ತು.

ಬಂಟರ ಮನೆಯ ಮಗಳು ಅವಳು. ಫ್ರಿಜ್ಜು, ಏಸಿ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಕ್ಯಾಲ್ವಿನ್ ಎಂಬ ಕೊಂಕಣಿ ಕ್ರೈಸ್ತನನ್ನು ರಿಜಿಸ್ಟರ್ ಮದುವೆಯಾಗಿದ್ದಳು. ಅಪ್ಪ ಅಣ್ಣು ಶೆಟ್ಟರು ಮಾತು ಬಿಟ್ಟರು. ಅಮ್ಮ ಕುಶಲಾ ಅತ್ತರು. ಆದರೆ ಉಳ್ಳಾಲದ ಮನೆಯ ಗೇಟು ಹಾಕಿದ್ದು ಮಾತ್ರ ಅಣ್ಣ ಶೋಭಿತ್. “ಇನ್ನು ಈ ಮೆಟ್ಟಿಲು ಹತ್ತಬೇಡ” ಎಂದವನು ಒಂಬತ್ತು ವರ್ಷವಾದರೂ ಮಾತು ತಪ್ಪಿರಲಿಲ್ಲ. ಹೋಟೆಲು ನಡೆಸುವವನು, ದಿನಾ ಯಾವ ಯಾವ ಜಾತಿಯವರಿಗೋ ಬಡಿಸಿ ಕೈಮುಗಿದು ಕಳಿಸುವವನಿಗೆ ತಂಗಿಯ ಮನೆಯ ನೀರು ಮಾತ್ರ ಗಂಟಲಲ್ಲಿ ಇಳಿಯದು.

ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಅವಳಿಗೆ ತಿಳಿದದ್ದು ಯಾರದೋ ವಾಟ್ಸ್ಯಾಪ್ ಸ್ಟೇಟಸ್‌ನಿಂದ. ಕ್ಯಾಲ್ವಿನ್‌ನ ಸ್ಕೂಟರಿನಲ್ಲಿ ಓಡಿದಳು. ಗೇಟಿನ ಹತ್ತಿರ ಅಣ್ಣನ ಕಡೆಯವರು ಅಡ್ಡ ನಿಂತರು. ಜನರ ಬೆನ್ನುಗಳನ್ನು ನೋಡಿಕೊಂಡು ನಿಂತು, ಅಪ್ಪನ ಮುಖ ನೋಡದೆ ವಾಪಸು ಬಂದಳು. ಆ ಉರಿ ಇನ್ನೂ ಆರಿರಲಿಲ್ಲ. ಆದರೂ ನುಂಗಿಕೊಂಡಿದ್ದಳು, ಯಾಕೆಂದರೆ ಅದೇ ಮನೆಯಲ್ಲಿ ಈಗ ಅಮ್ಮ ಸೊಂಟ ಮುರಿದುಕೊಂಡು ಮಲಗಿದ್ದರು. ಸೊಸೆ ಹೊರಗೆ ಹೋದಾಗ ಕದ್ದು ಫೋನು ಮಾಡುತ್ತಿದ್ದರು.

“ಅವನು ಒಂದು ಸಲ ನಿನ್ನಲ್ಲಿ ಉಂಡರೆ ಸಾಕು ಮಗಾ” ಎಂದು ಅಮ್ಮ ಪ್ರತಿಸಲವೂ ಹೇಳುವರು. “ನಮ್ಮಲ್ಲಿ ಹಾಗೇ ಅಲ್ವಾ, ಕೈಯಡುಗೆ ಉಂಡ ಮೇಲೆ ಜಗಳ ಉಂಟು ಅಂತ ಹೇಳ್ಲಿಕ್ಕೆ ಬಾಯಿ ಬರುವುದಿಲ್ಲ. ಮತ್ತೆ ನಿನ್ನನ್ನು ಬರಬೇಡ ಅಂತ ಯಾರೂ ಹೇಳ್ಲಿಕ್ಕಿಲ್ಲ. ನಾನು ನಿನ್ನನ್ನು ಒಮ್ಮೆ ನೋಡ್ಬೇಕು.”

ದಾರಿ ತೆರೆದುಕೊಂಡದ್ದು ಅತ್ತಿಗೆ ಸಂಚಿತಾಳ ಫೋಟೊದಿಂದ. ಅವಳು ಬಾಲಿಗೆ ಹೋಗಿ, ತೆಂಗಿನ ಮರದ ಕೆಳಗೆ ನಿಂತು, ಉಳ್ಳಾಲದಲ್ಲಿ ಒಮ್ಮೆಯೂ ತೆಂಗಿನ ಮರ ಕಾಣದವಳ ಹಾಗೆ ಬಾಯಿ ಬಿಟ್ಟು ನಕ್ಕು ಫೋಟೊ ಹಾಕಿದ್ದಳು. ಮನ್ವಿತಾ ಧೈರ್ಯ ಮಾಡಿ ‘ಚಂದ ಉಂಟು ಅತ್ತಿಗೆ’ ಎಂದು ಬರೆದಳು. ‘ನೀನೂ ಒಮ್ಮೆ ಹೀಗೆ ಟ್ರಾಪಿಕಲ್ ಪಾರ್ಟಿ ಕೊಡು, ಬರ್ತೇವೆ’ ಎಂದು ಉತ್ತರ ಬಂತು. ತಮಾಷೆಗೆ ಬರೆದದ್ದೋ ಏನೋ. ಮುಳುಗುವವಳಿಗೆ ಹುಲ್ಲುಕಡ್ಡಿಯೇ ಆಸರೆ ಎನ್ನುತ್ತಾರಲ್ಲ, ಮನ್ವಿತಾ ಅದನ್ನೇ ಹಿಡಿದುಕೊಂಡಳು. ಶನಿವಾರ ಬನ್ನಿ ಎಂದಳು. ಅವರು ಹೂಂ ಎಂದರು. ಅಮ್ಮನೇ ಹಟ ಹಿಡಿದು, ಮಾತ್ರೆ ನುಂಗುವುದಿಲ್ಲ ಎಂದು ಬಾಯಿ ಬಿಗಿದು ಮಲಗಿ ಹೂಂ ಎನ್ನಿಸಿದ್ದು ಎಂದು ಆಮೇಲೆ ಗೊತ್ತಾಯಿತು.

ವಾರವಿಡೀ ಗಂಡಹೆಂಡಿರು ಕತ್ತರಿ, ಗೋಂದು ಹಿಡಿದು ಕೂತರು. ಹಳದಿ ಚಾರ್ಟು ಪೇಪರಿನಲ್ಲಿ ಅನಾನಸುಗಳು, ಮೊಟ್ಟೆಯ ಟ್ರೇ ಕತ್ತರಿಸಿ ಬಣ್ಣ ಬಳಿದು ದಾಸವಾಳಗಳು, ಹಳೆಯ ಪತ್ರಿಕೆಯಿಂದ ಗಿಳಿಗಳು. ಗಿಳಿಗಳ ಮೂಗು ಯಾಕೋ ಕಾಗೆಯದ್ದರ ಹಾಗೆಯೇ ಬರುತ್ತಿತ್ತು. “ಇರ್ಲಿ ಮಾರಾಯ್ತಿ, ನಿನ್ನ ಅಣ್ಣ ಎಂತ ಪಕ್ಷಿ ನೋಡ್ಲಿಕ್ಕೆ ಬರುವುದಾ?” ಎಂದು ಕ್ಯಾಲ್ವಿನ್ ನಗಿಸಿದ. ಕೆಳಗಿನ ಮನೆಯ ಸೌದಾ ತಮ್ಮ ತವರಿನಿಂದ ಬಾಳೆಲೆ, ತೆಂಗಿನ ಗರಿ ತಂದುಕೊಟ್ಟರು. ಗರಿಗಳನ್ನು ಹಾಲ್‌ನ ಕಿಟಕಿಗೆ ಕಟ್ಟಿದಾಗ ಮನೆ ನಿಜಕ್ಕೂ ತಂಪಾಗಿ ಕಂಡಿತು.

ಅಡುಗೆಯನ್ನು ಮನ್ವಿತಾ ಸುಲಭದ್ದನ್ನೇ ಆರಿಸಿಕೊಂಡಳು, ಅತಿಥಿಗಳು ಬಂದಾಗ ಒಲೆಯ ಮುಂದೆ ಬೆವರುತ್ತ ನಿಲ್ಲಬಾರದೆಂದು. ತೆಂಗಿನ ಹಾಲಿನ ಅನ್ನ, ಕಡ್ಡಿಗೆ ಚುಚ್ಚಿ ಕಾವಲಿಯಲ್ಲಿ ಸುಟ್ಟ ಸಿಗಡಿ, ಪುನರ್ಪುಳಿ ಶರಬತ್ತು, ಎಳನೀರಿನ ಪುಡ್ಡಿಂಗು. ಅದರ ಜೊತೆ ಒಂದೇ ಒಂದು ಹಳೆಯದು: ಸಿಹಿಖಾರದ ಗೊಜ್ಜು, ಅನಾನಸಿನ ಮೆಣಸ್ಕಾಯಿ. ಅಪ್ಪನಿಗೂ ಅಣ್ಣನಿಗೂ ಅದೆಂದರೆ ಜೀವ; ಮದುವೆಯ ಊಟದಲ್ಲಿ ಅಪ್ಪಮಗ ಇಬ್ಬರೂ ಅದನ್ನು ಮೂರು ಸಲ ಹಾಕಿಸಿಕೊಳ್ಳುತ್ತಿದ್ದರು.

ಇದಕ್ಕೆಲ್ಲ ಅವಳು ಹೊಸ ಪಾತ್ರೆಗಳನ್ನು ಕೊಂಡಿದ್ದಳು. ಈ ಮನೆಯಲ್ಲಿ ಹಂದಿಮಾಂಸ ಬೇಯಿಸಿದ ಪಾತ್ರೆ ಎಂಬ ಮಾತು ಬರಬಾರದಲ್ಲ. ಅಂಗಡಿಯ ಚೀಟಿ ಅಂಟಿಕೊಂಡಿದ್ದ ಸೌಟನ್ನು ಕ್ಯಾಲ್ವಿನ್ ನೋಡಿದ, ಏನೂ ಕೇಳಲಿಲ್ಲ. ಅವನು ಕೇಳದೆ ಹೋದದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಗೋಡೆಯ ಮೇಲಿನ ಏಸುವಿನ ಪಟವನ್ನು ಅವನೇ ತೆಗೆದು ಮಲಗುವ ಕೋಣೆಯಲ್ಲಿಟ್ಟು ಬಂದಾಗಲಂತೂ ಅವಳಿಗೆ ಅವನ ಮುಖ ನೋಡಲಾಗಲಿಲ್ಲ.

ಶನಿವಾರ ಸಂಜೆ ಅವಳು ಸಿಗಡಿ ಸುಡುತ್ತಿದ್ದಳು. ಹಾಲ್‌ನಲ್ಲಿ ಮೇಜು ಸಿದ್ಧಪಡಿಸುವ ಕೆಲಸ ಕ್ಯಾಲ್ವಿನ್‌ನದು. ಸಮುದ್ರದ ಹಾಗೆ ಹಾಸಲು ನೀಲಿ ಬಟ್ಟೆ ಸಿಕ್ಕಿರಲಿಲ್ಲ. ಬೀರುವಿನಲ್ಲಿದ್ದ ಬಿಳಿ ಬಟ್ಟೆಯನ್ನು ಹಾಸಿಯಾಗಿತ್ತು. ಅದರ ಮೇಲೆ ಅವನು ಉದ್ದದ ಬಾಳೆಲೆಯೊಂದನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಮಲಗಿಸಿದ. ಎಲೆಯ ಮೇಲೆ ಹಣ್ಣು, ಹೂವು. ಇನ್ನೂ ಏನೋ ಕಡಿಮೆಯಾಯಿತು ಎನ್ನಿಸಿತು. ಫೋನಿನ ವಿಡಿಯೊದಲ್ಲಿ ಯಾವಳೋ ಬಿಳಿ ಹೆಂಗಸು ತೆಂಗಿನ ಚಿಪ್ಪಿನಲ್ಲಿ ಮೇಣದ ಬತ್ತಿ ಇಡುವುದನ್ನು ಅವನು ನೋಡಿದ್ದ. ಮೇಣದ ಬತ್ತಿ ಇಟ್ಟರೆ ಇಗರ್ಜಿ ಅನ್ನಿಸೀತು, ಭಾವನ ಕಡೆಯವರಿಗೆ ಎಣ್ಣೆಯ ದೀಪವೇ ಸರಿ ಎಂದು ಯೋಚಿಸಿದ. ಒಂದು ತೆಂಗಿನಕಾಯಿ ಒಡೆದ. ಎರಡು ಕಡಿಗೂ ಎಣ್ಣೆ ಹೊಯ್ದು, ಬತ್ತಿ ಇಟ್ಟು, ಮೇಜಿನ ಆ ತುದಿಗೊಂದು ಈ ತುದಿಗೊಂದು ಹಚ್ಚಿದ. ಟ್ಯೂಬ್‌ಲೈಟು ಆರಿಸಿ ದೂರ ನಿಂತು ನೋಡಿದ. ಚಂದ ಕಂಡಿತು, ಪಾಪ.

ಬೆಲ್ಲು ಆಯಿತು. ಒಲೆ ಆರಿಸಿದ ಮನ್ವಿತಾ ಸೆರಗಿನಲ್ಲಿ ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಕ್ಯಾಲ್ವಿನ್ ಬಾಗಿಲು ತೆರೆದು, “ಬನ್ನಿ ಭಾವ, ಬನ್ನಿ ಅಕ್ಕ” ಎನ್ನುತ್ತಿದ್ದ. ಶೋಭಿತ್‌ನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅಪ್ಪನನ್ನೇ ಕಂಡ ಹಾಗಾಗಿ ಅವಳ ಎದೆ ತುಂಬಿತು. ಅವನು ಚಪ್ಪಲಿ ಬಿಚ್ಚಿರಲಿಲ್ಲ.

“ಮೊದಲು ಒಂದು ಫೋಟೊ” ಎಂದಳು ಸಂಚಿತಾ. ಬಾಗಿಲಲ್ಲೇ ನಿಲ್ಲಿಸಿದಳು, ಹಿಂದೆ ಕಾಗದದ ಅನಾನಸು, ಕಾಗೆಮೂಗಿನ ಗಿಳಿ. “ಮನ್ವೀ, ಅಣ್ಣನ ಹತ್ತಿರ ನಿಲ್ಲು. ಅತ್ತೆಗೆ ತೋರಿಸ್ಲಿಕ್ಕೆ. ಇಲ್ಲದಿದ್ದರೆ ನಾವು ಬಂದದ್ದು ಅಂತ ಅವರು ನಂಬುವುದೇ ಇಲ್ಲ.” ಅಣ್ಣನ ತೋಳು ತನ್ನ ತೋಳಿಗೆ ತಾಗಿದಾಗ ಮನ್ವಿತಾ ಒಂಬತ್ತು ವರ್ಷದ ಸಿಟ್ಟೆಲ್ಲ ಮರೆತು ಹಲ್ಲು ಕಾಣುವ ಹಾಗೆ ನಕ್ಕಳು. ಫೋಟೊ ಅಲ್ಲಿಂದಲೇ ಅಮ್ಮನಿಗೆ ಹೋಯಿತು.

“ಒಳಗೆ ಬಾ ಅಣ್ಣ” ಎಂದು ತಿರುಗಿದವಳು ಆಗ ಮೇಜನ್ನು ನೋಡಿದಳು.

ಬಿಳಿ ಬಟ್ಟೆ. ಅದರ ಮೇಲೆ ಉದ್ದಕ್ಕೆ ಎಲೆ, ಹೂವು. ತಲೆಯ ಕಡೆ ಒಂದು ತೆಂಗಿನ ಕಡಿ, ಕಾಲಿನ ಕಡೆ ಒಂದು, ಎರಡರಲ್ಲೂ ದೀಪ. ಸಣ್ಣವಳಿದ್ದಾಗ ಅಜ್ಜಿಯನ್ನು ಹಾಗೆಯೇ ಚಾವಡಿಯಲ್ಲಿ ಮಲಗಿಸಿದ್ದರು. ಈ ದೀಪ ಯಾಕೆ ಎಂದು ಅವಳು ಕೇಳಿದ್ದಳು. ಅಪ್ಪ ಅವಳನ್ನು ಎತ್ತಿಕೊಂಡು, “ಹೊರಡುವವರಿಗೆ ದಾರಿ ಕಾಣ್ಲಿಕ್ಕೆ ಮಗಾ. ಅವರು ಅಂಗಳ ದಾಟುವ ತನಕ ಅದನ್ನು ಆರಿಸಬಾರದು” ಎಂದಿದ್ದರು.

ಶೋಭಿತ್ ಕೂಡ ನೋಡಿದ್ದ.

“ಎಂತ ಇದು?” ಎಂದ. ಧ್ವನಿ ಏರಿರಲಿಲ್ಲ. “ನಮ್ಮನ್ನು ಊಟಕ್ಕೆ ಕರೆದದ್ದಾ, ಹೆಣ ನೋಡ್ಲಿಕ್ಕೆ ಕರೆದದ್ದಾ?”

“ಎಂತಾಯ್ತು ಭಾವ?” ಕ್ಯಾಲ್ವಿನ್‌ಗೆ ತಲೆಬುಡ ತಿಳಿಯಲಿಲ್ಲ. “ಅದು ಡೆಕೊರೇಶನ್ನು. ನಾನೇ ಮಾಡಿದ್ದು.”

“ನೀನು ಮಾಡ್ತಿ. ನಿನಗೆ ಎಂತ ಗೊತ್ತುಂಟು? ಇವಳಿಗೆ ಗೊತ್ತಿಲ್ವಾ? ಹೆಣದ ತಲೆಕಾಲಿಗೆ ಇಡುವ ದೀಪವನ್ನು ಊಟದ ಮೇಜಿನಲ್ಲಿ ಇಡ್ತಾರಾ? ಅಪ್ಪ ಹೋಗಿ ಎರಡು ವರ್ಷ ಆಯ್ತಷ್ಟೇ, ಅಮ್ಮ ಹಾಸಿಗೆಯಲ್ಲಿದ್ದಾರೆ. ಯಾರಿಗೆ ಇಟ್ಟದ್ದು ಇದನ್ನು, ಅಮ್ಮನಿಗಾ?”

“ಅಯ್ಯೋ ಅಣ್ಣ, ಅವನಿಗೆ ಗೊತ್ತಿಲ್ಲ. ನಾನು ಅಡುಗೆಮನೆಯಲ್ಲಿದ್ದೆ. ಈಗ ತೆಗೀತೇನೆ, ಈಗಲೇ ತೆಗೀತೇನೆ. ಕೂತ್ಕೋ ಅಣ್ಣ, ನಿನ್ನ ಕಾಲು ಹಿಡೀತೇನೆ.” ಅವಳು ನಿಜಕ್ಕೂ ಬಗ್ಗಿದಳು. “ಮೆಣಸ್ಕಾಯಿ ಮಾಡಿದ್ದೇನೆ. ಎರಡೇ ತುತ್ತು ತಿನ್ನು.”

“ನಮ್ಮ ಸಂಸ್ಕಾರ ಎಲ್ಲ ಮರ್ತು ಬಿಟ್ಟಿದ್ದಿ ನೀನು. ಇದಕ್ಕೇ ನಾನು ಬರುವುದಿಲ್ಲ ಅಂತ ಹೇಳಿದ್ದು.”

ಬಗ್ಗಿದವಳು ಅಲ್ಲೇ ನಿಂತಳು. ಸಂಸ್ಕಾರವಂತೆ! ಮಗಳನ್ನು ಗೇಟಿನ ಹೊರಗೆ ನಿಲ್ಲಿಸಿ ಅಪ್ಪನನ್ನು ಸುಟ್ಟವನ ಬಾಯಲ್ಲಿ ಆ ಮಾತು ಬಂದಾಗ, ನುಂಗಿಟ್ಟದ್ದೆಲ್ಲ ಅವಳ ಗಂಟಲಿಗೆ ಬಂತು. ಅವಳು ಮೆಲ್ಲಗೆ ನೆಟ್ಟಗಾದಳು.

“ಹೌದಣ್ಣ, ಕ್ಯಾಲ್ವಿನ್‌ಗೆ ಗೊತ್ತಿಲ್ಲ. ಅಪ್ಪನ ತಲೆಯ ಹತ್ತಿರ ಇಟ್ಟ ದೀಪವನ್ನು ನೋಡ್ಲಿಕ್ಕೆ ನೀನು ಅವನನ್ನು ಬಿಟ್ಟಿದ್ದರೆ ಗೊತ್ತಿರ್ತಿತ್ತು. ನನ್ನನ್ನೇ ಬಿಡ್ಲಿಲ್ಲ ನೀನು.”

ಶೋಭಿತ್‌ನ ಮುಖ ಕೆಂಪಾಯಿತು. ಹೆಂಡತಿಯ ಕಡೆ ನೋಡಿದ. ಸಂಚಿತಾ ಅವನ ತೋಳು ಹಿಡಿದು, “ಬೇಡ, ಹೋಗುವ. ಅಪಶಕುನದ ಮನೆಯಲ್ಲಿ ನೀರು ಕೂಡ ಬೇಡ” ಎಂದಳು. ಇಬ್ಬರೂ ಹೊರಗೆ ನಡೆದರು. ಚಪ್ಪಲಿ ಹಾಕಿಕೊಳ್ಳುವ ತೊಂದರೆ ಇರಲಿಲ್ಲ, ಬಿಚ್ಚಿದ್ದರೆ ತಾನೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕ್ಯಾಲ್ವಿನ್ ಗೋಡೆಗೆ ಒರಗಿ ನಿಂತುಬಿಟ್ಟಿದ್ದ. “ನಾನು ಹಾಳು ಮಾಡಿದೆ ಮನ್ವಿ” ಎಂದ. “ನಿನ್ನ ಅಮ್ಮನನ್ನು ನೋಡುವ ದಾರಿಯನ್ನು ನಾನೇ ಹಾಳು ಮಾಡಿದೆ. ಚಂದ ಕಾಣ್ತದೆ ಅಂತ ಇಟ್ಟದ್ದು, ದೇವರಾಣೆ.” ಅವನ ಕಣ್ಣಲ್ಲಿ ನೀರಿತ್ತು.

ಅವಳು ಓಡಿ ಬಾಗಿಲಿಗೆ ಹೋದಳು. ಇನ್ನೊಮ್ಮೆ ಕರೆಯೋಣ, ಮಾತು ಹೆಚ್ಚಾಯಿತು ಎಂದು ಕೈಮುಗಿಯೋಣ. ಅಮ್ಮನಿಗಾಗಿ ಅದನ್ನೂ ಮಾಡುವವಳೇ. ಲಿಫ್ಟು ಇನ್ನೂ ಬಂದಿರಲಿಲ್ಲ. ಅವರಿಬ್ಬರೂ ಅವಳಿಗೆ ಬೆನ್ನು ಹಾಕಿ ನಿಂತಿದ್ದರು. ಸಂಚಿತಾ ಫೋನಿನಲ್ಲಿದ್ದಳು.

“ಟೇಬಲ್ ಬೇರೆಯವರಿಗೆ ಕೊಡ್ಬೇಡಿ. ನಿನ್ನೆಯೇ ಬುಕ್ ಮಾಡಿದ್ದು ನಾವು, ಎಂಟೂವರೆಗೆ. ಹಾಂ, ಇಬ್ಬರೇ. ಈಗ ಹೊರಟದ್ದು.” ಫೋನು ಕಿವಿಯಿಂದ ಇಳಿಸಿ ಗಂಡನಿಗೆ, “ಬೇಗ ಮುಗಿಯಿತು ಮಾರಾಯ್ರೆ. ನಾನು ಎಂತ ನೆಪ ಹೇಳುವುದು ಅಂತ ದಾರಿಯುದ್ದಕ್ಕೂ ಯೋಚನೆ ಮಾಡ್ತಿದ್ದೆ” ಎಂದಳು.

ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಹೋಗಿ ತಿರುಗಿದಾಗ ಶೋಭಿತ್‌ಗೆ ತಂಗಿ ಕಂಡಳು. ಒಂದು ಗಳಿಗೆ ನೋಡಿದ, ಆಮೇಲೆ ಗುಂಡಿ ಒತ್ತಿದ.

ಕುಣಿಯಲಾರದವಳಿಗೆ ನೆಲ ಡೊಂಕಂತೆ. ಉಣ್ಣಬಾರದೆಂದೇ ಬಂದವರಿಗೆ ದೀಪ ನೆಪವಾಯಿತು, ಅಷ್ಟೆ. ದೀಪ ಇರದಿದ್ದರೆ ಸಿಗಡಿ, ಸಿಗಡಿ ಇರದಿದ್ದರೆ ಗಿಳಿಯ ಮೂಗು. ಫೋಟೊ ಅಮ್ಮನಿಗೆ ತಲುಪಿಯಾಗಿತ್ತು. ಅಮ್ಮ ಈಗ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಿರಬಹುದು, ಮಕ್ಕಳಿಬ್ಬರೂ ಉಣ್ಣಲು ಕೂತರು ಎಂದು ಸಮಾಧಾನದಿಂದ ಮಾತ್ರೆ ನುಂಗಿರಬಹುದು.

ಮನ್ವಿತಾ ಒಳಗೆ ಬಂದಳು. ಕ್ಯಾಲ್ವಿನ್ ಮೇಜಿನ ಹತ್ತಿರ ಬಗ್ಗಿ, ದೀಪ ಆರಿಸಲು ಕೈ ಮುಂದೆ ಚಾಚಿದ್ದ.

“ನಿಲ್ಲು” ಎಂದಳು. “ಈಗ ಬೇಡ.”

“ನೋಡ್ಲಿಕ್ಕೆ ಆಗುವುದಿಲ್ಲ ಮಾರಾಯ್ತಿ.”

“ನಿನ್ನದು ಎಂತದ್ದೂ ತಪ್ಪಿಲ್ಲ. ಬಾ ಇಲ್ಲಿ.” ಅವನನ್ನು ಕೈಹಿಡಿದು ಕಿಟಕಿಗೆ ಕರೆದುಕೊಂಡು ಬಂದು, ತೆಂಗಿನ ಗರಿಯನ್ನು ಬದಿಗೆ ಸರಿಸಿದಳು. ಕೆಳಗೆ ಡ್ರೈವರು ಕಾರಿನ ಎಂಜಿನು ಆರಿಸದೆಯೇ ಕಾದಿದ್ದ. ಅಣ್ಣ ಹತ್ತಿ ಬಾಗಿಲು ಹಾಕಿಕೊಂಡ. ಕಾರು ಹಿಂದೆ ಸರಿದು, ತಿರುಗಿ, ಮಾವಿನ ಮರದ ಕೆಳಗೆ ಹಾದು, ಅಂಗಳ ದಾಟಿ, ಗೇಟಿನಿಂದ ರಸ್ತೆಗೆ ಇಳಿಯಿತು. ಅದರ ಕೆಂಪು ದೀಪ ಕಾಣದಾಗುವ ತನಕ ಅವಳು ನೋಡಿದಳು.

“ಹೋದ” ಎಂದಳು. “ಇನ್ನು ಆರಿಸು.”