ದೊಡ್ಡಮ್ಮ ಬಾಯಿಬಿಟ್ಟ ಹಾಡು

ಈಸ್ಟರ್ ಹಬ್ಬದಿಂದ ಒಜೆಲ್ಲಾ ದೊಡ್ಡಮ್ಮ ತಾನು ಸಾಕಿದ ಹುಡುಗಿ ವರ್ಡೆಲ್ ಜೊತೆ ಮಾತು ಬಿಟ್ಟಿದ್ದಳು. ಅಮೆರಿಕದ ಮೆಂಫಿಸ್ಸಿನ ಆ ಪುಟ್ಟ ಮನೆಯಲ್ಲಿ ಮಾತು ಬಿಟ್ಟು ಬದುಕುವುದು ಸುಲಭವಲ್ಲ. ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರಿಗೆ ಎಚ್ಚರವಾಗುತ್ತದೆ. ಆದರೂ ದೊಡ್ಡಮ್ಮ ಹಟ ಸಾಧಿಸಿದಳು. ಊಟ ಬಡಿಸುವಳು, ಬಟ್ಟೆಗೆ ಇಸ್ತ್ರಿ ಮಾಡಿಡುವಳು, ತುಟಿ ಮಾತ್ರ ಬಿಚ್ಚಳು.

ಕಾರಣ ಇಡೀ ಬೀದಿಗೆ ಗೊತ್ತಿತ್ತು. ತಾಯಿ ಸತ್ತ ಕೂಸನ್ನು ಎತ್ತಿ ತಂದು ಸಾಕಿ, ಚರ್ಚಿನಲ್ಲಿ ಹಾಡಲು ಕಲಿಸಿದವಳು ದೊಡ್ಡಮ್ಮ. ಆ ಹುಡುಗಿ ಈಗ ಅದೇ ರಾಗ, ಅದೇ ಏರಿಳಿತ ಇಟ್ಟುಕೊಂಡು, ಯೇಸುವಿನ ಹೆಸರಿದ್ದ ಕಡೆ 'ನಲ್ಲ' ಎಂದು ಸೇರಿಸಿ ಶನಿವಾರದ ಡ್ಯಾನ್ಸ್ ಹಾಲಿನಲ್ಲಿ ಹಾಡುತ್ತಿದ್ದಳು. ರೇಡಿಯೋದವರು ಇಂಥ ಹಾಡುಗಳಿಗೆ ಸೋಲ್, ಅಂದರೆ ಆತ್ಮ, ಎಂದು ಹೆಸರಿಟ್ಟಿದ್ದರು. ಆತ್ಮದ ಹೆಸರು ಹೇಳಿ ಸೊಂಟ ಕುಣಿಸುವುದೇ ಎಂದು ಚರ್ಚಿನ ಹಿರಿಯ ತಾಯಂದಿರು ಮೂಗು ಮುರಿದರು. ಬಿಳಿ ಉಡುಪು ತೊಟ್ಟು ಮೊದಲ ಬೆಂಚಿನಲ್ಲಿ ಕೂರುವ ಆ ತಾಯಂದಿರಿಗೆ ದೊಡ್ಡಮ್ಮನೇ ಮುಖ್ಯಸ್ಥೆ. ಹುಡುಗಿಯನ್ನು ಹಾಡುವ ತಂಡದಿಂದ ತೆಗೆಯಲು ಮೊದಲು ಕೈ ಎತ್ತಿದವಳೂ ಅವಳೇ. ದೇವರ ಮನೆಯಲ್ಲಿ ಸಂಬಂಧ ನೋಡಬಾರದಂತೆ. ನೋಡಿದ್ದರೆ ದೇವರೇನೂ ಮುನಿಸಿಕೊಳ್ಳುತ್ತಿರಲಿಲ್ಲ, ಇರಲಿ.

ಜುಲೈ ತಿಂಗಳ ಒಂದು ಮಧ್ಯಾಹ್ನ, ಹಿಂದೆ ಐಸ್ ಫ್ಯಾಕ್ಟರಿಯಾಗಿದ್ದ ಸ್ಟುಡಿಯೋದಲ್ಲಿ ವರ್ಡೆಲ್ ತನ್ನ ಮೊದಲ ರೆಕಾರ್ಡಿಗೆ ನಿಂತಿದ್ದಳು. ಹಾಡು ಅವಳೇ ಕಟ್ಟಿದ್ದು: ನಾನು ಬಿದ್ದಾಗ ನೀನು ಬಿಟ್ಟು ಹೋಗಲಿಲ್ಲವಲ್ಲ, ಅಷ್ಟೇ ಸಾಕು ಎನ್ನುವ ಹಾಡು. ಬೆಳಗಿನಿಂದ ಹಾಡಿದರೂ ಅದು ಕೂಡಿಬರಲಿಲ್ಲ. ಸ್ವರ ತಪ್ಪಿರಲಿಲ್ಲ, ಜೀವ ಇರಲಿಲ್ಲ. ರೆಕಾರ್ಡಿಂಗ್ ಶುರುವಾಗಿ ಕೆಂಪು ದೀಪ ಹತ್ತಿತೆಂದರೆ ಅಲ್ಲಿ ಯಾರೂ ಕೆಮ್ಮುವಂತಿಲ್ಲ. ವರ್ಡೆಲ್ ಎಂದೂ ಮೌನಕ್ಕೆ ಹಾಡಿದವಳಲ್ಲ. ಚರ್ಚಿನಲ್ಲಿ ಅವಳೊಂದು ಸಾಲು ಹಾಡಿದರೆ ಬೆಂಚುಗಳಿಂದ 'ಹೌದು', 'ಹೇಳು' ಎಂದು ಬಾಯಿಗಳು ಅದನ್ನು ಎತ್ತಿ ಹಿಡಿಯುತ್ತಿದ್ದವು. ಡ್ಯಾನ್ಸ್ ಹಾಲಿನಲ್ಲೂ ಅಷ್ಟೇ. ಇಲ್ಲಿ ಗೋಡೆಗೆ ಬಡಿದ ಕಂಬಳಿಗಳು ಸಾಲನ್ನು ನುಂಗಿ ಸುಮ್ಮನಾಗುತ್ತಿದ್ದವು.

"ಇವತ್ತು ಆಗ್ಲಿಲ್ಲ ಅಂದ್ರೆ ಸ್ಟುಡಿಯೋ ಯಜಮಾನ್ರು ಈ ಹಾಡನ್ನ ಆ ಗಾಯಕಿ ಫ್ಲೋರೀನ್ ಕೈಲಿ ಹಾಡಿಸ್ತಾರಂತೆ ಕಣೇ," ಎಂದ ಆರ್ಗನ್ ನುಡಿಸುವ ಲೂಷಿಯಸ್. "ನನ್ ಮೇಲೆ ಕೋಪ ಮಾಡ್ಕೋಬೇಡ, ಇದ್ದದ್ದು ಹೇಳ್ದೆ."

ಅಷ್ಟರಲ್ಲಿ ಬಾಗಿಲು ತೆರೆಯಿತು. ತಲೆಗೆ ಟೋಪಿ, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಒಜೆಲ್ಲಾ ದೊಡ್ಡಮ್ಮ.

"ಲೂಷಿಯಸ್, ತಿನ್ನದೆ ಮನೆ ಬಿಟ್ಟು ಬಂದಿದ್ದಾಳೆ ಅಂತ ಅವಳಿಗೆ ಹೇಳು."

ಲೂಷಿಯಸ್ ಪಕ್ಕದಲ್ಲೇ ಇದ್ದ ವರ್ಡೆಲ್ ಕಡೆ ತಿರುಗಿದ. "ನೀನು ತಿಂದಿಲ್ವಂತೆ."

"ಹಸಿವಿಲ್ಲ ಅನ್ನು."

"ಹಸಿವಿಲ್ವಂತೆ, ತಾಯಿ."

"ಬರೀ ಹೊಟ್ಟೇಲಿ ಹಾಡು ಬರಲ್ಲ, ತೇಗು ಬರುತ್ತೆ ಅನ್ನು. ತಟ್ಟೆ ಖಾಲಿ ಆಗೋವರ್ಗೂ ನಾನಿಲ್ಲೇ ಕೂತಿರ್ತೀನಿ."

ಮೂಲೆಯ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟಳು. ಹುರಿದ ಕೋಳಿ, ಬೇಯಿಸಿದ ಸೊಪ್ಪು, ಜೋಳದ ರೊಟ್ಟಿ. ವರ್ಡೆಲ್ ನಾಲ್ಕು ತುತ್ತು ತಿಂದು ಮತ್ತೆ ಮೈಕಿನ ಮುಂದೆ ನಿಂತಳು. ದೀಪ ಹತ್ತಿತು. ಎರಡನೆಯ ಚರಣದಲ್ಲಿ, ಬಿದ್ದಾಗ ಎನ್ನುವ ಮಾತಿಗೆ ಬಂದಾಗ, ಸಾಲು ಅರ್ಧಕ್ಕೆ ನಿಂತಿತು. ಲೂಷಿಯಸ್ ಆರ್ಗನ್ನಿನ ಸ್ವರವನ್ನು ಅಲ್ಲೇ ಎಳೆಯುತ್ತ ಕಾದ. ಹಾಡು ಕೈತಪ್ಪಿ ಹೋಯಿತು ಎಂದುಕೊಂಡಳು ವರ್ಡೆಲ್.

"ಅವಸರ ಬೇಡ ಮಗಳೇ. ನಿಧಾನವಾಗಿ ಹಾಡು."

ಮೂಲೆಯಿಂದ ಬಂದ ಮಾತು. ಚರ್ಚಿನಲ್ಲಿ ಹಾಡುವವರು ಎಡವಿದರೆ ಹಿರಿಯರು ಹೀಗೆಯೇ ಕೈ ಹಿಡಿಯುತ್ತಾರೆ. ಅಭ್ಯಾಸಬಲದಿಂದ ದೊಡ್ಡಮ್ಮನಿಗೆ ದೀಪವೂ ಮರೆತಿತ್ತು, ಮುನಿಸೂ ಮರೆತಿತ್ತು. ವರ್ಡೆಲ್ ಎದೆ ಬಿಚ್ಚಿಕೊಂಡಿತು. ಅವಳು ಸಾಲು ಎತ್ತಿದಳು. "ಹೌದು," ಎಂದಳು ದೊಡ್ಡಮ್ಮ. "ಹೇಳು, ಹೇಳು," ಎನ್ನುತ್ತ ಹಿಮ್ಮಡಿಯಲ್ಲಿ ತಾಳ ಹಾಕಿದಳು. ಸ್ಯಾಕ್ಸೋಫೋನಿನವನು ಆ ಮಾತಿನ ಬೆನ್ನು ಹಿಡಿದು ಊದಿದ. ಹಾಡು ಎಲ್ಲಿಗೋ ಏರಿತು.

ಮುಗಿದಾಗ ದೊಡ್ಡಮ್ಮ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಗಾಜಿನಾಚೆಯಿಂದ ರೆಕಾರ್ಡ್ ಮಾಡುವ ಹಾಲಿಸ್ ಹೇಳಿದ, "ಅಮ್ಮನ ದನೀನೂ ಟೇಪಲ್ಲಿ ಸೇರ್ಕೊಂಡಿದೆ. ಬೇರೆ ಮಾಡಕ್ಕಾಗಲ್ಲ. ನನ್ ಕೇಳಿದ್ರೆ ಇದನ್ನೇ ಇಟ್ಕೊಳ್ಳಿ."

ವರ್ಡೆಲ್ ನೇರ ದೊಡ್ಡಮ್ಮನ ಬಳಿಗೆ ಹೋದಳು. "ಇನ್ನೊಂದ್ಸಲ ಹಾಡ್ತೀನಿ. ಚೆನ್ನಾಗಿ ಬರದಿದ್ರೂ ಪರವಾಗಿಲ್ಲ. ಇದು ರೇಡಿಯೋದಲ್ಲಿ ಬಂದ್ರೆ ಚರ್ಚಿನೋರಿಗೆಲ್ಲ ನಿನ್ ದನಿ ಗೊತ್ತಾಗುತ್ತೆ. ಮೊದಲ ಬೆಂಚು ಹೋಗುತ್ತೆ ದೊಡ್ಡಮ್ಮ."

ದೊಡ್ಡಮ್ಮ ಖಾಲಿಯಾಗದ ತಟ್ಟೆಯನ್ನು ನೋಡಿದಳು, ಹುಡುಗಿಯನ್ನು ನೋಡಿದಳು. "ಆ ಹಾಡು ಯಾವನ್ ಮೇಲೆ ಕಟ್ಟಿದ್ದು?"

"ಯಾವನೂ ಇಲ್ಲ. ನಿನ್ ಮೇಲೆ."

ದೊಡ್ಡಮ್ಮ ಕೈಚೀಲದ ಕೊಕ್ಕೆ ತೆಗೆದು ಹಾಕಿದಳು. "ಆಡಿದ ಮಾತು ಆಡಿ ಆಯ್ತು. ಇರ್ಲಿ ಬಿಡು," ಎಂದಳು.

ರೆಕಾರ್ಡ್ ಬಂತು. ಕ್ಷೌರದಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ತೆರೆದ ಕಿಟಕಿಗಳಲ್ಲೆಲ್ಲ ಅದೇ ಹಾಡು. ಜನ ಆ ನಡುವಿನ 'ಅವಸರ ಬೇಡ ಮಗಳೇ' ಎಂಬ ಮಾತಿಗಾಗಿ ಕಾದು, ತಾವೂ ಜೊತೆಗೂಡಿಸಿ ಹೇಳುತ್ತಿದ್ದರು. ಕೆಲಸ ಕಳೆದುಕೊಂಡವರು, ಊರು ಬಿಟ್ಟು ಡೆಟ್ರಾಯಿಟ್‌ಗೆ ಹೊರಟವರು, ಸಮಾನ ಹಕ್ಕು ಕೇಳುವ ಮೆರವಣಿಗೆಯಲ್ಲಿ ಪೊಲೀಸರ ಪೆಟ್ಟು ತಿಂದು ಬಂದವರು, ಎಲ್ಲರಿಗೂ ಅದು ತಮಗೇ ಹೇಳಿದಂತಿತ್ತು.

ಭಾನುವಾರ ಚರ್ಚಿನಲ್ಲಿ, ದೇವರು ತಮಗೆ ಮಾಡಿದ್ದನ್ನು ಎದ್ದು ನಿಂತು ಸಾಕ್ಷಿ ಹೇಳುವ ಹೊತ್ತು ಬಂತು. ವರ್ಡೆಲ್ ಕಡೆಯ ಬೆಂಚಿನಲ್ಲಿ ತಲೆತಗ್ಗಿಸಿ ಕೂತಿದ್ದಳು. ಯಾರೂ ಕೇಳುವ ಮುಂಚೆಯೇ ದೊಡ್ಡಮ್ಮ ಎದ್ದು ನಿಂತಳು.

"ಆ ರೇಡಿಯೋದಲ್ಲಿ ಬರೋ ದನಿ ನಂದೇ. ಸಾಕಿದ ಮಗು ಜೊತೆ ಮಾತು ಬಿಟ್ಟು ನಾನು ದೇವರಿಗೆ ದೊಡ್ಡ ಸೇವೆ ಮಾಡ್ದೆ ಅಂದ್ಕೊಂಡಿದ್ದೆ. ಅವನು ನನ್ ಬಾಯಿ ಎಲ್ಲಿ ಬಿಡಿಸಿದ ನೋಡಿ. ಅದಕ್ಕೆ ಅವನಿಗೆ ವಂದನೆ. ಅವಳಿಗೆ ಒಂದು ನ್ಯಾಯ, ನನಗೊಂದು ನ್ಯಾಯ ಆಗಬಾರದು."

ಹಾಗೆಂದವಳೇ ತನ್ನ ಮೊದಲ ಬೆಂಚು ಬಿಟ್ಟು, ಸಾಲುಗಳ ನಡುವೆ ನಡೆದು ಹಿಂದಕ್ಕೆ ಬಂದಳು. ವರ್ಡೆಲ್‌ಗೆ ಎದುರಿನದೇನೂ ಕಾಣದಂತೆ ಕಣ್ಣು ತುಂಬಿತ್ತು. ತಾನು ಕಟ್ಟಿದ ಸಾಲುಗಳಿಗಿಂತ ಎಷ್ಟೋ ಹೆಚ್ಚು ತನಗೆ ಸಿಕ್ಕಿದೆ ಎನ್ನಿಸಿತು.

"ಸ್ವಲ್ಪ ಆಚೆ ಸರಿಯೇ," ಎಂದಳು ದೊಡ್ಡಮ್ಮ, ಮತ್ತು ಬಿಳಿ ಲಂಗ ಮುದುರದಂತೆ ಎತ್ತಿಕೊಂಡು ಅವಳ ಪಕ್ಕ ಕೂತಳು.